ಶ್ರೀಲಂಕೆಯ ಕಡಲತೀರವೂ ಪ್ಲಾಸ್ಟಿಕ್ ಹರಳುಗಳೂ

ದ್ವೀಪರಾಷ್ಟ್ರಕ್ಕೆ ಸಮುದ್ರವೇ ಹೆದ್ದಾರಿ. ಸಮುದ್ರವೇ ಅನ್ನದ ಆಕರ. ಆದುದರಿಂದ ಜಲಮಾರ್ಗವಾಗಿ ಬರುವ ಸರಕಿನಲ್ಲಿ ಅಪಾಯಕರವಾದುದು ಯಾವುದು, ನಿರಪಾಯವಾದುದು ಯಾವುದು ಎಂಬ ವಿಂಗಡಣೆಯು ಅಂಥ ದೇಶಕ್ಕೆ ಅತ್ಯಂತ ಮಹತ್ವದ್ದು. ಆ ವಿಂಗಡಣೆಯ ದೋಷವನ್ನು 2021ರಲ್ಲಿ ಶ್ರೀಲಂಕೆಯ ಪಶ್ಚಿಮ ತೀರದಲ್ಲಿ ಸಂಭವಿಸಿದ ದುರಂತವೊಂದು ಸ್ಪಷ್ಟಪಡಿಸಿದೆ.

ಸಿಂಗಪುರದ ಧ್ವಜವನ್ನು ಹೊತ್ತ ‘ಎಕ್ಸ್-ಪ್ರೆಸ್ ಪರ್ಲ್’ ಎಂಬ ಹಡಗು ಗುಜರಾತಿನ ಹಾಜಿರಾ ಬಂದರಿನಿಂದ ಬಂದು, ಆ ವರ್ಷದ ಮೇ 19ರಂದು ಕೊಲಂಬೊ ಬಂದರಿನ ಹೊರಗೆ ಲಂಗರು ಹಾಕಿತು. ಅದರಲ್ಲಿ 1,486 ಕಂಟೇನರುಗಳಿದ್ದುವು. ಸುಮಾರು 25 ಟನ್ ನೈಟ್ರಿಕ್ ಆಮ್ಲವೂ ಇದ್ದು, ಆಮ್ಲದ ಕಂಟೇನರೊಂದು ದಾರಿಯಲ್ಲಿಯೇ ಸೋರತೊಡಗಿದ್ದಿತು. ಮೇ 20ರಂದು ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಭಾರತದ ತಟರಕ್ಷಣಾ ನೌಕೆಗಳು ನೆರವಿಗೆ ಹೋದರೂ ಹಡಗನ್ನು ಉಳಿಸಲಾಗಲಿಲ್ಲ. ಜೂನ್ 2ರಂದು ಅದನ್ನು ಆಳ ಸಮುದ್ರಕ್ಕೆ ಎಳೆದೊಯ್ಯುವ ಯತ್ನ ವಿಫಲವಾಗಿ, ಹಿಂಭಾಗವು ಕಡಲ ತಳವನ್ನು ಮುಟ್ಟಿತು.

ಇಲ್ಲಿ ವಿಚಾರಾರ್ಹವಾದ ಅಂಶವೊಂದುಂಟು. ಆಮ್ಲವು ಅಪಾಯಕರ ಸರಕೆಂದು ಅಂತರರಾಷ್ಟ್ರೀಯ ನಿಯಮಗಳಲ್ಲಿ ಮೊದಲೇ ಗಣಿತವಾಗಿತ್ತು. ಅದು ಸಮುದ್ರಕ್ಕೆ ಬಿದ್ದರೆ ಆ ಅಗಾಧ ಜಲರಾಶಿಯಲ್ಲಿ ಬೆರೆತು, ನೀರಿನಲ್ಲಿರುವ ಬೈಕಾರ್ಬೊನೇಟುಗಳಿಂದ ಬೇಗನೆ ಶಕ್ತಿಗುಂದುತ್ತದೆ. ಆದರೆ ಅದೇ ಹಡಗಿನಲ್ಲಿದ್ದ ಸುಮಾರು 1,680 ಟನ್ ಪ್ಲಾಸ್ಟಿಕ್ ಹರಳುಗಳು ಆ ನಿಯಮಗಳ ಪ್ರಕಾರ ಸಾಮಾನ್ಯ ಸರಕು. ಚಿರಕಾಲದ ಹಾನಿಯು ಒದಗಿದುದು ಇವುಗಳಿಂದಲೇ. ಇದುವರೆಗೆ ದಾಖಲಾಗಿರುವ ಇಂಥ ಹರಳುಗಳ ಮಾಲಿನ್ಯಗಳಲ್ಲಿ ಇದೇ ಅತ್ಯಂತ ದೊಡ್ಡದು.

ಈ ಹರಳುಗಳು ಪ್ಲಾಸ್ಟಿಕ್ ವಸ್ತುಗಳ ತಯಾರಿಕೆಗೆ ಬೇಕಾದ ಕಚ್ಚಾ ಪದಾರ್ಥ. ಗಾತ್ರದಲ್ಲಿ ಬೇಳೆಯ ಕಾಳಿನಷ್ಟು. ಪಾಲಿಥೀನಿನ ಸಾಂದ್ರತೆಯು ಸಮುದ್ರಜಲದ ಸಾಂದ್ರತೆಗಿಂತ ಕಡಮೆಯಾದುದರಿಂದ ಅವು ತೇಲುತ್ತವೆ. ಆಗತಾನೆ ಪ್ರಾರಂಭವಾಗುತ್ತಿದ್ದ ನೈಋತ್ಯ ಮಳೆಗಾಲದ ಗಾಳಿ, ಅಲೆ ಹಾಗೂ ಪ್ರವಾಹಗಳು ಅವನ್ನು ದಡಕ್ಕೆ ತಳ್ಳಿದುವು. ನೆಗೊಂಬೊ ಸುತ್ತಿನ ಮರಳುದಂಡೆಗಳ ಮೇಲೆ ಹರಳುಗಳ ಬಿಳಿಯ ಹಾಸು ಬಿದ್ದಿತು. ಮೀನುಗಾರಿಕೆಯನ್ನು ನಿಷೇಧಿಸಬೇಕಾಗಿ ಬಂದು, ಬೆಸ್ತರ ಕುಟುಂಬಗಳು ಜೀವನೋಪಾಯವಿಲ್ಲದೆ ಕಷ್ಟಕ್ಕೀಡಾದುವು.

ಮರಳನ್ನು ಜರಡಿ ಹಿಡಿದು ಹರಳುಗಳನ್ನು ಬೇರ್ಪಡಿಸುವುದು ಸಾಧ್ಯ. ಆದರೆ ಪ್ರತಿಯೊಂದು ಅಲೆಯೂ ಮರಳನ್ನು ಮೇಲೆ ಕೆಳಗೆ ಮಾಡಿ ಅವನ್ನು ಹೂತುಹಾಕುತ್ತದೆ. ಬೆಂಕಿಯಲ್ಲಿ ಬೆಂದ ಪ್ಲಾಸ್ಟಿಕ್ಕಿನ ಸಮಸ್ಯೆ ಇನ್ನೂ ಜಟಿಲ. ಅದು ಕಪ್ಪಾಗಿ, ಪೆಡಸಾಗಿ, ಕಲ್ಲಿನ ಚೂರುಗಳಂತೆ ಕಾಣುವುದರಿಂದ ಹೆಕ್ಕುವವರ ಕಣ್ಣಿಗೆ ಸಿಕ್ಕುವುದಿಲ್ಲ. ಸುಲಭವಾಗಿ ಪುಡಿಯಾಗಿ ಇನ್ನಷ್ಟು ಸೂಕ್ಷ್ಮ ಕಣಗಳಾಗುತ್ತದೆ.

ಶ್ರೀಲಂಕೆಯಲ್ಲಿ ಕಾನೂನಿನ ಅಭಾವವಿರಲಿಲ್ಲ. 1981ರ ಕರಾವಳಿ ಸಂರಕ್ಷಣಾ ಶಾಸನವೂ 2008ರ ಸಮುದ್ರಮಾಲಿನ್ಯ ನಿವಾರಣಾ ಶಾಸನವೂ ಆಗಲೇ ಜಾರಿಯಲ್ಲಿದ್ದುವು. 2025ರ ಜುಲೈ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹಡಗಿಗೆ ಸಂಬಂಧಿಸಿದವರು 100 ಕೋಟಿ ಅಮೆರಿಕನ್ ಡಾಲರುಗಳ ಪರಿಹಾರವನ್ನು ಕೊಡಬೇಕೆಂದು ತೀರ್ಪಿತ್ತಿತು. ಆದರೆ ಒಂದು ದೇಶದ ಶಾಸನವು ಇನ್ನೊಂದು ಬಂದರಿನಲ್ಲಿ ಸರಕನ್ನು ಹೇಗೆ ತುಂಬಬೇಕೆಂಬುದನ್ನು ನಿರ್ಣಯಿಸಲಾರದು. 2024ರಲ್ಲಿ ಅಂತರರಾಷ್ಟ್ರೀಯ ನೌಕಾಯಾನ ಸಂಸ್ಥೆಯು ಹರಳುಗಳನ್ನು ಭದ್ರವಾಗಿ ಕಟ್ಟಬೇಕು, ಅವುಗಳಿರುವ ಕಂಟೇನರುಗಳನ್ನು ಸ್ಪಷ್ಟವಾಗಿ ಗುರುತಿಸಬೇಕು, ಸಾಧ್ಯವಾದಮಟ್ಟಿಗೆ ಹಡಗಿನ ಒಳಮಾಳಿಗೆಯಲ್ಲಿಡಬೇಕು ಎಂಬ ಶಿಫಾರಸುಗಳನ್ನು ಅಂಗೀಕರಿಸಿತು. ಇವು ಕಡ್ಡಾಯವಲ್ಲದ ಸೂಚನೆಗಳು.

ದಂಡೆಯಲ್ಲಿ ಹರಡಿದ ಹರಳನ್ನು ಪೂರ್ತಿಯಾಗಿ ಮರಳಿ ಪಡೆಯುವ ಉಪಾಯವಿಲ್ಲ. ಆದಕಾರಣ ದ್ವೀಪದ ಕರಾವಳಿಯ ರಕ್ಷಣೆಯು ಸರಕು ಹಡಗನ್ನೇರುವ ದೂರದ ಬಂದರಿನಲ್ಲಿಯೇ ಆರಂಭವಾಗಬೇಕು.