ಕೈ-ಬಾಯಿ ತೊಳೆವ ರೂಢಿಗಳೂ ಶರಣರ ಶುಚಿದೃಷ್ಟಿಯೂ

ಒಂದೇ ಮನೆಯಲ್ಲಿ ನಾಲ್ವರಿದ್ದರೆ ಹಲ್ಲುಜ್ಜುವ ಬಗೆಯೂ ನಾಲ್ಕು. ಒಬ್ಬರು ಅಂಗಳದಲ್ಲಿ ಅಡ್ಡಾಡುತ್ತಲೇ ಉಜ್ಜಬೇಕು. ಇನ್ನೊಬ್ಬರಿಗೆ ಬಚ್ಚಲ ಕಲ್ಲಿನ ಮೇಲೆ ಕುಳಿತ ಹೊರತು ಸಮಾಧಾನವಿಲ್ಲ. ಕಿರಿಯರಿಗೆ ಕುಂಚ ಬೇಕು; ಹಿರಿಯರಿಗೆ ತೋರುಬೆರಳೇ ಕುಂಚ. ನಾಲಗೆ ಕೆರೆಯುವ ಸದ್ದು ನೆರೆಮನೆಗೆ ಕೇಳಿದರೆ ಮಾತ್ರ ಬಾಯಿ ಶುದ್ಧವಾಯಿತೆಂದು ನಂಬುವವರೂ ಉಂಟು. ಕೈ ತೊಳೆವಲ್ಲಿಯೂ ಹಾಗೆಯೇ. ಎಡಗೈಯಲ್ಲಿ ತಂಬಿಗೆ ಹಿಡಿದು, ಬಲಗೈ ಬೆರಳ ತುದಿಗಳಿಗಷ್ಟೇ ನೀರು ಸುರಿದುಕೊಂಡು ಉಣ್ಣಲು ಕೂಡುವವರು ಬಹುಮಂದಿ. ಮೂರು ಸಲ ಎಣಿಸಿ ತೊಳೆಯದೆ ಬಿಡದವರು ಕೆಲವರು. ಇವೆಲ್ಲ ನಗೆಗೆ ವಸ್ತುವಾಗಬಹುದು. ಆದರೆ ಇವುಗಳೊಳಗೆ ಮೂರು ಬೇರೆ ಬೇರೆ ಎಳೆಗಳು ಹೆಣೆದುಕೊಂಡಿವೆ: ದೇಹದ ಆರೋಗ್ಯ, ಮಡಿಯ ಭಾವನೆ, ಪೂಜೆಯ ಸಿದ್ಧತೆ. ಇವನ್ನು ಬಿಡಿಸಿ ನೋಡದಿದ್ದರೆ ಶಿವಶರಣರು ತೊರೆದದ್ದು ಯಾವುದು, ಉಳಿಸಿಕೊಂಡದ್ದು ಯಾವುದು ಎಂಬುದು ಸ್ಪಷ್ಟವಾಗದು.

ಮೊದಲು ಎಡಗೈಯ ಮಾತು. ಲೋಕರೂಢಿಯಲ್ಲಿ ಎಡಗೈ ಹೀನಾಯದ ಕೈ. ಶೌಚಕ್ಕೆ ಅದು, ಕೊಡುಕೊಳ್ಳುವುದಕ್ಕೆ, ಉಣ್ಣುವುದಕ್ಕೆ, ನಮಿಸುವುದಕ್ಕೆ ಬಲಗೈ. ಎಡಗೈಯಿಂದ ಕೊಟ್ಟರೆ ಅವಮಾನವೆಂದು ತಿಳಿಯುವ ಈ ನಾಡಿನಲ್ಲಿಯೇ ವೀರಶೈವ ಸಾಧಕನು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡು ಬಲಗೈಯಿಂದ ಅರ್ಚಿಸುತ್ತಾನೆ. ಕರಸ್ಥಲವೆಂದು ವಚನಗಳು ಮತ್ತೆ ಮತ್ತೆ ಕೊಂಡಾಡುವುದು ಈ ಅಂಗೈಯನ್ನೇ. ಲೋಕವು ಕೀಳೆಂದು ದೂಡಿದ ಅಂಗವೇ ಇಲ್ಲಿ ಪೀಠ. ಇದರ ಅರ್ಥವನ್ನು ವಿದ್ಯಾರ್ಥಿಗಳು ಹಗುರವಾಗಿ ಎಣಿಸಬಾರದು. ಗುಡಿಯ ಗರ್ಭಗೃಹಕ್ಕೆ ಹೋಗಲು ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆಯೇ ಇಲ್ಲಿ ಬಿದ್ದುಹೋಗುತ್ತದೆ. ಗರ್ಭಗೃಹ ಸಾಧಕನ ತೋಳಿನ ತುದಿಯಲ್ಲಿಯೇ ಇದೆ. ಅಂದಮೇಲೆ ಪೂಜೆಗೆ ಮುನ್ನ ಕೈ ತೊಳೆಯುವುದೆಂದರೆ ಯಾರೋ ಮುಟ್ಟಿದ ಮೈಲಿಗೆಯನ್ನು ಕಳೆಯುವುದಲ್ಲ, ಪೀಠವನ್ನು ಸಾರಿಸುವುದು. ಬೆರಳ ತುದಿಗಳಿಗಷ್ಟೇ ನೀರು ತೋರಿಸುವ ಅವಸರದ ರೂಢಿ ಇಲ್ಲಿ ಸಾಲದು.

ಬಾಯಿಯ ವಿಷಯದಲ್ಲಿಯೂ ಇಂಥದೇ ತಿರುವು ಕಾಣುತ್ತದೆ. ಷಟ್‌ಸ್ಥಲ ಶಾಸ್ತ್ರವು ಘ್ರಾಣವನ್ನು ಆಚಾರಲಿಂಗಕ್ಕೂ ಜಿಹ್ವೆಯನ್ನು ಗುರುಲಿಂಗಕ್ಕೂ ನೇತ್ರವನ್ನು ಶಿವಲಿಂಗಕ್ಕೂ ನೆಲೆಯಾಗಿ ಹೇಳುತ್ತದೆ. ನಾಲಗೆಗೆ ಸೋಂಕುವ ರಸವೆಲ್ಲ ಗುರುಲಿಂಗಕ್ಕೆ ಅರ್ಪಿತವೆಂಬ ಭಾವನೆಯುಳ್ಳವನಿಗೆ ಬೆಳಗಿನ ಮುಖಮಜ್ಜನವೂ ಅರ್ಪಣೆಯ ಪೂರ್ವಾಂಗವೇ. ಆದರೆ ಎಂಜಲೆಂಬ ಅಂಜಿಕೆ ಅವನಿಗಿಲ್ಲ. ಜನನ, ಮರಣ, ರಜಸ್ಸು, ಜಾತಿ, ಉಚ್ಛಿಷ್ಟ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂಬುದು ಸಂಪ್ರದಾಯದ ನಿಲುವು. ಇವುಗಳಲ್ಲಿ ಕಡೆಯದಾದ ಉಚ್ಛಿಷ್ಟವೇ ಎಂಜಲು. ಜಂಗಮದ ಪಾದ ತೊಳೆದ ನೀರು ಪಾದೋದಕವಾಗಿ ಅಷ್ಟಾವರಣಗಳಲ್ಲಿ ಒಂದಾದದ್ದನ್ನು ನೆನೆದರೆ, ಕೈ, ಬಾಯಿ, ಕಾಲು ಮೂರೂ ಕಡೆ ಮೈಲಿಗೆಯ ಲೆಕ್ಕಾಚಾರವನ್ನು ಈ ಧರ್ಮ ತಲೆಕೆಳಗು ಮಾಡಿತೆಂಬುದು ತಿಳಿಯುತ್ತದೆ. ಉಂಡ ತಟ್ಟೆಯಲ್ಲಿಯೇ ಕೈ ತೊಳೆದು ಏಳುವ ಚಾಳಿ ಅನೇಕ ಕಡೆ ಇದೆ. ಆಚಾರವಂತ ಲಿಂಗವಂತರ ಮನೆಗಳಲ್ಲಿ ಇದನ್ನು ಒಪ್ಪುವುದಿಲ್ಲ. ಅಲ್ಲಿ ಅಗುಳೂ ಉಳಿಯದಂತೆ ಉಂಡು, ತಟ್ಟೆಗೆ ನೀರು ಹಾಕಿ ತೊಳೆದು, ಆ ನೀರನ್ನು ಕುಡಿಯುತ್ತಾರೆ. ಪ್ರಸಾದವೆಂದ ಮೇಲೆ ಅದು ಕೈ ತೊಳೆವ ನೀರಿಗೆ ತಾಣವಾಗಲಾರದು.

ಹೀಗಿದ್ದೂ ಮಡಿ ಹಿಂಬಾಗಿಲಿನಿಂದ ಮರಳಿ ಬಂದಿಲ್ಲವೆ? ಆಳಿಗೆ ಬೇರೆ ಲೋಟ, ಬಂದವರು ಎದ್ದುಹೋದ ಮೇಲೆ ಜಗಲಿಗೆ ನೀರು, ಇಂಥವರ ಕೈಯ ದುಡ್ಡು ಮುಟ್ಟಿದರೆ ಕೈ ತೊಳೆಯುವ ಆತುರ. ಇವನ್ನು ಶುಚಿತ್ವವೆಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ. ಊರ ಬಟ್ಟೆಯ ಕೊಳೆ ತೊಳೆದ ಮಾಚಿದೇವನನ್ನೂ ನಾರು ಹೊಸೆದ ನುಲಿಯ ಚಂದಯ್ಯನನ್ನೂ ಪೂಜ್ಯರೆಂದು ಸ್ಮರಿಸಿ, ಅವರಂತೆಯೇ ದುಡಿಯುವವರು ಮುಟ್ಟಿದಾಗ ಕೈ ತೊಳೆದುಕೊಳ್ಳುವವನು ಆ ಸ್ಮರಣೆಯಿಂದಲೇ ಕೈ ತೊಳೆದುಕೊಂಡಂತೆ.

ಇನ್ನು ಲೌಕಿಕವಾದ ಆರೋಗ್ಯದ ಎಳೆ. ದಂತಧಾವನದ ಬಗ್ಗೆ ವಾಗ್ಭಟನ ಅಷ್ಟಾಂಗಹೃದಯವು ದಿನಚರ್ಯೆಯ ಅಧ್ಯಾಯದಲ್ಲಿ ಖಚಿತವಾಗಿ ಹೇಳುತ್ತದೆ. ಎಕ್ಕ, ಆಲ, ಕಗ್ಗಲಿ, ಹೊಂಗೆ, ಮತ್ತಿ ಮೊದಲಾದ ಮರಗಳ ಕಡ್ಡಿ. ಉದ್ದ 12 ಅಂಗುಲ, ದಪ್ಪ ಕಿರುಬೆರಳ ತುದಿಯಷ್ಟು. ತುದಿ ಮೃದುವಾಗಿರಬೇಕು, ವಸಡಿಗೆ ನೋವಾಗಬಾರದು. ಬೆಳಿಗ್ಗೆ ಮಾತ್ರವಲ್ಲ, ಉಂಡ ಮೇಲೂ ಉಜ್ಜಬೇಕೆಂಬುದು ಆ ಗ್ರಂಥದ ವಿಧಿ. ದಿನಕ್ಕೆರಡು ಬಾರಿ ಎಂದು ಇಂದಿನ ದಂತವೈದ್ಯರು ಹೇಳುವುದನ್ನು ಹೊಸ ಕಾಲದ ಷೋಕಿ ಎಂದು ಮೂಗು ಮುರಿಯುವ ಹಿರಿಯರು ಇದನ್ನು ಗಮನಿಸಬೇಕು. ಹಳ್ಳಿಗಳಲ್ಲಿ ಕುಳ್ಳಿನ ಬೂದಿ, ಇದ್ದಿಲು, ಉಪ್ಪು, ಇಟ್ಟಿಗೆಯ ಪುಡಿಗಳೂ ಬಳಕೆಯಲ್ಲಿದ್ದವು. ಗೋಮಯದ ಭಸ್ಮವೇ ಸಂಸ್ಕಾರ ಪಡೆದು ಹಣೆಯಲ್ಲಿ ವಿಭೂತಿಯಾಗುವುದು, ಒಲೆಯ ಬೂದಿ ಹಲ್ಲಿಗೂ ಪಾತ್ರೆಗೂ ಆಗುವುದು. ಎರಡನ್ನೂ ಹಿರಿಯರು ಬೆರೆಸುತ್ತಿರಲಿಲ್ಲ. ಇಟ್ಟಿಗೆಯ ಪುಡಿಯಂಥ ಒರಟು ವಸ್ತು ಮಾತ್ರ ಹಲ್ಲಿನ ಹೊರಗವಚವನ್ನು ಸವೆಸುತ್ತದೆ; ಸವೆದದ್ದು ಮತ್ತೆ ಬೆಳೆಯದು. ಉತ್ತರ ಕರ್ನಾಟಕದ ಕೆಲವು ಕಡೆಗಳಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಹುರಿದ ಹೊಗೆಸೊಪ್ಪಿನ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ ಇದಕ್ಕಿಂತ ಕೆಟ್ಟದ್ದು. ಹಲ್ಲು ತಿಕ್ಕುವ ನೆಪದಲ್ಲಿ ಅದು ಚಟವಾಗುತ್ತದೆ, ಬಾಯಿಯ ಅರ್ಬುದಕ್ಕೂ ದಾರಿ ಮಾಡುತ್ತದೆ. ದಂತಮಂಜನಗಳಲ್ಲಿ ಹೊಗೆಸೊಪ್ಪು ಸೇರಿಸುವುದನ್ನು ಭಾರತ ಸರ್ಕಾರ 1992ರಲ್ಲಿ ನಿಷೇಧಿಸಿತು. ಮತ್ತೊಂದು ಸಂಗತಿ: ಕೋಲಾರ, ತುಮಕೂರು, ಗದಗ ಮೊದಲಾದ ಜಿಲ್ಲೆಗಳ ಕೆಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಅಲ್ಲಿ ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತವೆ. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ. ಅಂಥ ಮಕ್ಕಳನ್ನು ಹಲ್ಲು ತಿಕ್ಕದವರೆಂದು ಮೂದಲಿಸುವುದು ಅನ್ಯಾಯ.

ಕೈಯ ಶುಚಿಗೆ ಸಂಬಂಧಿಸಿದಂತೆ ದೂರದ ವಿಯೆನ್ನಾ ನಗರದ ಪ್ರಸಂಗವೊಂದು ಮಡಿಯ ಪ್ರಶ್ನೆಗೂ ಬೆಳಕು ಚೆಲ್ಲುತ್ತದೆ. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನ್ನು ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದನ್ನು ಸೂಲಗಿತ್ತಿಯರೂ ನೋಡಿಕೊಳ್ಳುತ್ತಿದ್ದರು. ಬಾಣಂತಿಯರು ಹೆಚ್ಚು ಸಾಯುತ್ತಿದ್ದುದು ವೈದ್ಯರ ವಿಭಾಗದಲ್ಲಿಯೇ. ವೈದ್ಯರು ಶವಚ್ಛೇದನ ಮುಗಿಸಿ ಅದೇ ಕೈಗಳಿಂದ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡುಕೊಂಡು, 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಿಂದ ಕೈ ತೊಳೆಯುವ ಕಟ್ಟಳೆ ಮಾಡಿದನು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜುಲೈ ಹೊತ್ತಿಗೆ ನೂರಕ್ಕೆ 2ಕ್ಕಿಂತ ಕೆಳಗಿಳಿಯಿತು. ಆದರೂ ತಮ್ಮ ಕೈಗಳು ಅಶುಚಿಯೆಂಬ ಮಾತನ್ನು ಪ್ರತಿಷ್ಠಿತರು ಸಹಿಸಲಿಲ್ಲ. ಸೆಮ್ಮೆಲ್‌ವೈಸನು 1865ರಲ್ಲಿ ಹುಚ್ಚರ ಆಸ್ಪತ್ರೆಯೊಂದರಲ್ಲಿ ತೀರಿಕೊಂಡನು. ಸೂಲಗಿತ್ತಿಯ ಕೈಯನ್ನೇ ಸೂತಕದ ಕೈಯೆಂದು ದೂರವಿಟ್ಟ ನಮ್ಮ ಸಮಾಜಕ್ಕೆ ಈ ವೃತ್ತಾಂತದಲ್ಲಿ ಕಲಿಯುವುದುಂಟು. ರೋಗಾಣು ಕುಲವನ್ನು ನೋಡದು. ಮುಟ್ಟಿದ ವಸ್ತುವನ್ನು ನೋಡುತ್ತದೆ. ಕಣ್ಣಿಗೆ ನಿರ್ಮಲವಾಗಿ ಕಾಣುವ ಕೈಯಲ್ಲಿಯೂ ಅದು ಇರುತ್ತದೆ.

ಆದುದರಿಂದ ಎಷ್ಟು ಸಲ ಎಂಬ ಎಣಿಕೆಗಿಂತ ಹೇಗೆ, ಯಾವಾಗ ಎಂಬುದು ಮುಖ್ಯ. ಶೌಚದ ನಂತರ, ಅಡುಗೆಗೂ ಊಟಕ್ಕೂ ಮುನ್ನ, ಎರಡೂ ಕೈಗಳಿಗೆ ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕೆಂಬುದು ಇಂದಿನ ವೈದ್ಯರ ಸಲಹೆ. ಅವಸರದಲ್ಲಿ ತೊಳೆವವರು ಸಾಮಾನ್ಯವಾಗಿ ಬಿಟ್ಟುಬಿಡುವ ಜಾಗಗಳೆಂದರೆ ಉಗುರಿನ ಒಳಭಾಗ, ಬೆರಳ ಸಂದುಗಳು, ಹೆಬ್ಬೆರಳು. ಎಡ ಅಂಗೈಯಲ್ಲಿ ಲಿಂಗವನ್ನು ಇರಿಸಿಕೊಂಡಾಗ ಅದರ ಮಗ್ಗುಲಿಗೇ ಇರುವುದು ಆ ಹೆಬ್ಬೆರಳು.