ಆರು ಜನ, ಒಂದು ರಾಗಿ ಮೂಟೆ, ಏಳು ಲಕ್ಷ ರೂಪಾಯಿ: ಅಟ್ಟೂರಿನ ಮನೆಗೆ ಯಾವ ಕಾರು?

ಅಟ್ಟೂರು ಲೇಔಟಿನ ಯಾವ ಅಡ್ಡರಸ್ತೆಗಾದರೂ ಸಾಯಂಕಾಲ ಏಳರ ಮೇಲೆ ಕಾಲಿಟ್ಟು ನೋಡಿ. ಎರಡು ಮಗ್ಗುಲಲ್ಲೂ ಕಾರು, ನಡುವೆ ಒಂದು ಸ್ಕೂಟರು ನುಗ್ಗುವಷ್ಟು ಸಂದಿ. "ಇಷ್ಟೊಂದು ಕಾರು ಇಟ್ಕೊಂಡು ಏನ್ ಮಾಡ್ತಾರಪ್ಪಾ ಇವರು?" ಅಂತ ಮದರ್ ಡೇರಿ ಸ್ಟಾಪಿನಲ್ಲಿ ಮೆಜೆಸ್ಟಿಕ್ ಬಸ್ಸಿಗೆ ಕಾಯುವವರು ಗೊಣಗುವುದುಂಟು. ಹಾಗೆ ಗೊಣಗಿದವರೇ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಏಳುವ ಮಾತೂ ಅದೇ. "ರೀ, ನಾವ್ಯಾವಾಗ ತಗೊಳ್ಳೋದು?"

ತಗೊಳ್ಳೋದು ಸರಿ. ಯಾವುದನ್ನ?

ಟೀವಿ ಜಾಹೀರಾತಿನ ಸಂಸಾರ ಎಲ್ಲರಿಗೂ ಗೊತ್ತು. ಗಂಡ, ಹೆಂಡತಿ, ಒಂದು ಮಗು, ಹಿಂದಿನ ಸೀಟಿನಲ್ಲಿ ಒಂದು ನಾಯಿಮರಿ. ಅಟ್ಟೂರಿನ ಸಂಸಾರ ಅಷ್ಟಕ್ಕೆ ನಿಲ್ಲೋದಿಲ್ಲ ಸ್ವಾಮಿ. ಬೀದಿಗೊಬ್ಬರು ಸಿಗುವಂಥ ಒಬ್ಬ ದಿನಸಿ ಅಂಗಡಿ ಯಜಮಾನರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರು, ಹೈಸ್ಕೂಲು ಓದುವ ಮಗಳು, ನಾಲ್ಕನೇ ಕ್ಲಾಸಿನ ಮಗ, ಮಂಡಿನೋವಿನ ತಂದೆ, ಉಬ್ಬಸದ ತಾಯಿ. ಒಟ್ಟು ಆರು ತಲೆ. ಗೌರಿಬಿದನೂರು ಕಡೆಯ ಊರಿಗೆ ಹೋದರೆ ಬರುವಾಗ ಒಂದು ರಾಗಿ ಮೂಟೆ, ಹತ್ತು ತೆಂಗಿನಕಾಯಿ, ಕಾಲವಿದ್ದರೆ ಒಂದು ಹಲಸಿನಹಣ್ಣು. ಮನೇಲಿ ಒಂದು ಸ್ಕೂಟರಿದೆ, ಸಾಮಾನಿಗೆ ಒಂದು ಹಳೇ ಓಮ್ನಿ ಇತ್ತು, ಅದೂ ಮೂಲೆ ಸೇರಿ ಎರಡು ವರ್ಷವಾಯ್ತು.

ಈ ಯಜಮಾನರಿಗೆ ಕಾರಿನ ಶೋಕಿ ಇಲ್ಲ. ಒಂದು ರಾತ್ರಿ ಎರಡು ಗಂಟೆಗೆ ತಾಯಿಗೆ ಉಸಿರು ಕಟ್ಟಿತು. ಮೊಬೈಲಿನಲ್ಲಿ ಕರೆದ ಟ್ಯಾಕ್ಸಿ ಬರ್ತೀನಿ ಅಂದು ಎರಡು ಸಲ ಕೈಕೊಟ್ಟಿತು. ಕೊನೆಗೆ ಪಕ್ಕದ ಮನೆಯವರ ಕಾರು ದೇವರ ಹಾಗೆ ಬಂತು. ಅವತ್ತಿಂದ ಮನೆಯಲ್ಲಿ ಮಾತು ಒಂದೇ. ಚೀಟಿ ಎತ್ತಿದ ಹಣ ಎರಡು ಲಕ್ಷ ಕೈಲಿದೆ, ಐದು ಲಕ್ಷ ಬ್ಯಾಂಕಿನವರು ಕೊಡ್ತಾರಂತೆ. ಏಳು ಲಕ್ಷಕ್ಕೆ ಆರು ಜನ ಕೂರುವ, ಕೈಕೊಡದ ಗಾಡಿ ಬೇಕು. ಚೀಟಿ ಹಣ ದೀಪಾವಳಿಗೆ ಅಂಗಡಿಗೆ ಮಾಲು ತುಂಬೋಕೆ ಇಟ್ಟಿದ್ದು ಅನ್ನೋದು ಬೇರೆ ಮಾತು.

ಅಂಬಾಸಡರಿನ ಕಾಲ

ಹಿಂದೆ ಈ ತಲೆನೋವು ಇರಲಿಲ್ಲ. ದುಡ್ಡಿದ್ದವರಿಗೆ ಅಂಬಾಸಡರ್, ಇಲ್ಲವೇ ಫಿಯಟ್ ಎಂದೇ ಎಲ್ಲರೂ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ. ಗೇರು ಸ್ಟೀರಿಂಗಿನ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ. ಮುಂದೆ ಮೂವರು, ಹಿಂದೆ ನಾಲ್ವರು, ತೊಡೆ ಮೇಲೆ ಮಕ್ಕಳು, ಡಿಕ್ಕಿಯಲ್ಲಿ ಮದುವೆ ಪಾತ್ರೆ. ಕೆಟ್ಟರೆ ಯಾವ ಊರಿನ ಮರದ ಕೆಳಗಾದರೂ ರಿಪೇರಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಮಧ್ಯಮವರ್ಗದವರ ಕೈಗೆ ಬೀಗದ ಕೈ ಕೊಟ್ಟಿತು ನಿಜ. ಆದರೆ ಸಂಸಾರವನ್ನು ನಾಲ್ಕು ತಲೆಗೆ ಕುಗ್ಗಿಸಿದ್ದೂ ಅದೇ ಗಾಡಿ. ಅಜ್ಜ ಅಜ್ಜಿ ಬಸ್ಸಿಗೇ ಉಳಿದರು. ಮುಂದಿನ ವರ್ಷ ಬಂದ ಮಾರುತಿ ವ್ಯಾನು, ಅದೇ ಓಮ್ನಿ, ಅಂಗಡಿಯವರ ಮಾನ ಕಾಯ್ತು. ಬೆಳಿಗ್ಗೆ ಮಾಲು, ಭಾನುವಾರ ಮನೆಮಂದಿ. 2000ದಲ್ಲಿ ನಮ್ಮ ಬಿಡದಿಯಿಂದಲೇ ಕ್ವಾಲಿಸ್ ಹೊರಟಿತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ. ಗಟ್ಟಿ ಗಾಡಿಗಳು. ಕಿಸೆಗೂ ಅಷ್ಟೇ ಗಟ್ಟಿಯಾಗಿ ತಟ್ಟುವಂಥವು.

ಅಂಬಾಸಡರ್ 2014ರಲ್ಲಿ ನಿಂತಿತು, ಮಾರುತಿ 800 ಕೂಡ ಅದೇ ವರ್ಷ. ಓಮ್ನಿ 2019ರಲ್ಲಿ.

ನಾಲ್ಕು ಮೀಟರಿನ ಮಾಯೆ

ಈಗಿನ ಕಾರುಗಳಿಗೆ ಹಿಂಭಾಗ ಕೊಡಲಿಯಿಂದ ಕಡಿದ ಹಾಗಿರುತ್ತಲ್ಲ, ಯಾಕೆ ಗೊತ್ತೆ? ತೆರಿಗೆ. 2006ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸಿತು. ಸಣ್ಣದು ಅಂದರೆ ನಾಲ್ಕು ಮೀಟರಿಗಿಂತ ಉದ್ದವಿರಬಾರದು, ಪೆಟ್ರೋಲಾದರೆ ಎಂಜಿನ್ನು 1200 ಸಿಸಿ ಮೀರಬಾರದು, ಡೀಸೆಲ್ಲಾದರೆ 1500. ಅವತ್ತಿನಿಂದ ಕಂಪನಿಗಳು ಟೇಪು ಹಿಡಿದೇ ಕಾರು ಮಾಡ್ತಿವೆ. 2025ರ ಸೆಪ್ಟೆಂಬರ್ 22ರಿಂದ ಈ ಗೆರೆ ಇನ್ನೂ ದಪ್ಪವಾಗಿದೆ. ಗೆರೆಯ ಒಳಗಿನ ಪೆಟ್ರೋಲು, ಡೀಸೆಲ್ ಕಾರಿಗೆ ಜಿಎಸ್‌ಟಿ ನೂರಕ್ಕೆ 18, ಹೊರಗಿನದಕ್ಕೆ 40.

ಇದರ ಫಲ ಏನಾಯ್ತು ನೋಡಿ. ಏಳು ಸೀಟಿನ ರೆನೋ ಟ್ರೈಬರ್ ನಾಲ್ಕು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಉದ್ದ, 999 ಸಿಸಿ. ಗೆರೆಯ ಒಳಗೆ! ಮಾರುತಿ ಎರ್ಟಿಗಾ ನಾಲ್ಕು ಮೀಟರಿಗಿಂತ ಉದ್ದ, 1,462 ಸಿಸಿ. ಹೊರಗೆ. ತೆರಿಗೆ ಬದಲಾದಾಗ ಟ್ರೈಬರಿನ ತೀರಾ ಕೆಳದರ್ಜೆಯದು ಆರು ಲಕ್ಷದೊಳಗೆ ಬಂತು, ಎರ್ಟಿಗಾ ಒಂಬತ್ತು ಲಕ್ಷದ ಹತ್ತಿರವೇ ಉಳಿಯಿತು. ಇದು ಶೋರೂಮಿನ ಬೆಲೆ ಮಾತ್ರ. ರಸ್ತೆಗಿಳಿಯುವ ಮುಂಚೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಇದೆಯಲ್ಲ, ದೇಶದಲ್ಲೇ ಭಾರಿ ಎನಿಸಿಕೊಂಡವುಗಳಲ್ಲಿ ಅದೂ ಒಂದು. ಈಚಿನ ವರ್ಷಗಳ ದರದಂತೆ ಐದು ಲಕ್ಷದ ಮೇಲಿನ ಕಾರಿಗೆ ನೂರಕ್ಕೆ 14, ಹತ್ತು ಲಕ್ಷ ದಾಟಿದರೆ 17, ತೆರಿಗೆಯ ಮೇಲೆ ಸೆಸ್ಸು ಬೇರೆ. ಆರು ಲಕ್ಷದ ಗಾಡಿಗೆ ತೆರಿಗೆಯೇ 84 ಸಾವಿರ. 9 ಲಕ್ಷ 90 ಸಾವಿರದ ಗಾಡಿಗೆ 1,38,600; ಬರೀ ಇಪ್ಪತ್ತು ಸಾವಿರ ಜಾಸ್ತಿಯ 10 ಲಕ್ಷ 10 ಸಾವಿರದ ಗಾಡಿಗೆ 1,71,700. ಮ್ಯೂಸಿಕ್ ಸಿಸ್ಟಮ್ಮಿಗೆ ಅಂತ ಒಂದು ದರ್ಜೆ ಮೇಲೆ ಹತ್ತುವ ಮುಂಚೆ ಈ ಮೆಟ್ಟಿಲು ಎಲ್ಲಿದೆ ಅಂತ ನೋಡಿಕೊಳ್ಳಬೇಕು. ಸೇಲ್ಸ್ ಹುಡುಗರು ತಾವಾಗೇ ಹೇಳೋದಿಲ್ಲ.

ಮೂರನೇ ಸಾಲಿನಲ್ಲಿ ಕೂರೋರ್ಯಾರು?

ಏಳು ಸೀಟು ಅಂತ ಬರೆದ ಮಾತ್ರಕ್ಕೆ ಏಳು ಜನ ಕೂರೋಕಾಗುತ್ತಾ? ಶೋರೂಮಿಗೆ ಯಜಮಾನರೊಬ್ಬರೇ ಹೋಗಿ ಸ್ಟೀರಿಂಗ್ ಹಿಡಿದು ನಕ್ಕು ಬಂದರೆ ಇದು ಗೊತ್ತಾಗೋದಿಲ್ಲ. ಭಾನುವಾರ ಮನೆಮಂದಿಯನ್ನೆಲ್ಲ ಕರೆದೊಯ್ದು, ಆರೂ ಜನರನ್ನ ಒಟ್ಟಿಗೆ ಕೂರಿಸಿ, ಬಾಗಿಲು ಹಾಕಿಸಿ, ಒಂದು ಸುತ್ತು ಓಡಿಸಿ ನೋಡಬೇಕು. ಮಂಡಿನೋವಿನ ತಂದೆ ಮಧ್ಯದ ಸಾಲಿಗೆ ಕಾಲೆತ್ತಿ ಹತ್ತುತ್ತಾರಾ, ಸೀಟಿನ ಮೇಲೆ ಹಾಗೇ ಕೂತು ಕಾಲು ಒಳಗೆ ತೆಗೆದುಕೊಳ್ಳುತ್ತಾರಾ? ಎರಡನೆಯದಾದರೆ ಆ ಎತ್ತರ ಸರಿ. ಹಿಂದಿನ ಸಾಲಿಗೆ ಮಕ್ಕಳಿಬ್ಬರು. ಮಗಳು ಇನ್ನೆರಡು ವರ್ಷದಲ್ಲಿ ಅಮ್ಮನಷ್ಟು ಎತ್ತರ ಆಗ್ತಾಳೆ, ಮೊಣಕಾಲು ಗಲ್ಲಕ್ಕೆ ಮುಟ್ಟುತ್ತೆ. ಕಾರು ಎರಡು ವರ್ಷಕ್ಕಲ್ಲ, ಹತ್ತು ವರ್ಷಕ್ಕೆ ತರೋದು.

ಇನ್ನು ರಾಗಿ ಮೂಟೆ. ಮೂರನೇ ಸಾಲು ಎತ್ತಿ ನಿಲ್ಲಿಸಿದರೆ ಟ್ರೈಬರಿನಲ್ಲಿ ಹಿಂದೆ ಉಳಿಯುವ ಜಾಗ 84 ಲೀಟರು, ಎರಡು ಕೈಚೀಲ ಅಂದುಕೊಳ್ಳಿ. ಆದರೆ ಆ ಸೀಟುಗಳನ್ನ ಕಿತ್ತು ಮನೇಲಿಡಬಹುದು, ಆಗ 625 ಲೀಟರು. ಅಂಗಡಿಯವರಿಗೆ ಇದು ಲಾಭ: ವಾರವೆಲ್ಲ ಯಶವಂತಪುರದಿಂದ ಮಾಲು, ಭಾನುವಾರ ಸೀಟು. ಎರ್ಟಿಗಾದಲ್ಲಿ ಎಲ್ಲರೂ ಕೂತ ಮೇಲೂ 209 ಲೀಟರು ಉಳಿಯುತ್ತೆ. ಸಿಎನ್‌ಜಿಯದ್ದು ಅಗ್ಗವಾಗಿ ಓಡುತ್ತೆ ಅಂತ ಅದನ್ನ ತಂದರೆ ಆ ಜಾಗದಲ್ಲಿ ಸಿಲಿಂಡರು ಮಲಗಿರುತ್ತೆ. ಮೂಟೆ ಆಗ ಮಾಡಿನ ಮೇಲಿನ ಕ್ಯಾರಿಯರಿಗೆ, ಇಲ್ಲಾ ಅಜ್ಜನ ಕಾಲ ಕೆಳಗೆ.

ಎಂಜಿನ್ ಮಾತೂ ಉಂಟು. 999 ಸಿಸಿಯ ಟ್ರೈಬರ್ ಊರೊಳಗೆ ನಾಲ್ವರಿಗೆ ಸಲೀಸು. ಆರು ಜನ ತುಂಬಿ, ಏಸಿ ಹಾಕಿ ನಂದಿಬೆಟ್ಟದ ತಿರುವು ಹತ್ತಿಸಿದರೆ ಎರಡನೇ ಗೇರಿನಲ್ಲಿ ಉಬ್ಬಸ ಪಡುವುದು ಸಹಜ. ಎರ್ಟಿಗಾಕ್ಕೆ ಆ ಕಷ್ಟ ಕಡಿಮೆ.

ಸುರಕ್ಷತೆಯ ನಕ್ಷತ್ರಗಳ ವಿಷಯದಲ್ಲಿ ಯಾರೂ ಯಾರ ಮುಂದೂ ಬೀಗುವಂತಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎರ್ಟಿಗಾಕ್ಕೆ 2019ರಲ್ಲಿ ಮೂರು ನಕ್ಷತ್ರ; 2022ರಲ್ಲಿ ನಿಯಮ ಬಿಗಿಯಾಯ್ತು, 2024ರ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಒಂದೇ ನಕ್ಷತ್ರ. ಟ್ರೈಬರಿಗೆ 2021ರಲ್ಲಿ ಸಿಕ್ಕ ನಾಲ್ಕು ನಕ್ಷತ್ರವೂ ಹಳೇ ನಿಯಮದ್ದೇ. ಹಾಗಾಗಿ ನಕ್ಷತ್ರ ಎಷ್ಟು ಅಂತ ಕೇಳಿದರೆ ಸಾಲದು, ಯಾವ ವರ್ಷದ್ದು ಅಂತಲೂ ಕೇಳಿ. ಮೂರನೇ ಸಾಲಿನವರ ಬೆನ್ನಿಗೇ ಹಿಂಬದಿ ಗಾಜು, ಅಲ್ಲಿ ಕೂರುವ ಮಕ್ಕಳಿಗೆ ಬೆಲ್ಟು ಹಾಕಿಸದೆ ಗಾಡಿ ಕದಲಿಸಬಾರದು.

ತಿಂಗಳ ಲೆಕ್ಕ

ಐದು ಲಕ್ಷ ಸಾಲಕ್ಕೆ ನೂರಕ್ಕೆ ಒಂಬತ್ತರ ಬಡ್ಡಿ ಅಂದುಕೊಳ್ಳಿ. ಐದು ವರ್ಷಕ್ಕಾದರೆ ತಿಂಗಳ ಕಂತು 10,379. ಏಳು ವರ್ಷಕ್ಕೆ ಎಳೆದರೆ 8,045. ಕಂತು ಇಳಿಯಿತು ಅಂತ ಹಿಗ್ಗುವ ಹಾಗಿಲ್ಲ. ಬಡ್ಡಿಯೇ 1 ಲಕ್ಷ 23 ಸಾವಿರದಿಂದ 1 ಲಕ್ಷ 76 ಸಾವಿರಕ್ಕೆ ಏರಿರುತ್ತೆ. ತಿಂಗಳಿಗೆ 600 ಕಿಲೋಮೀಟರ್ ಓಡಿಸಿ, ಊರೊಳಗೆ ಲೀಟರಿಗೆ 15 ಕೊಟ್ಟರೂ ಪೆಟ್ರೋಲಿಗೆ ನಾಲ್ಕು ಸಾವಿರ. ಇನ್ಶೂರೆನ್ಸು, ಸರ್ವೀಸು, ಟೈರಿಗೆ ತಿಂಗಳಿಗೆ ಎರಡೂವರೆ ಎತ್ತಿಡಿ. ಒಟ್ಟು ಹದಿನೇಳು ಸಾವಿರ.

ಈ ದುಡ್ಡಿಗೆ ತಿಂಗಳಲ್ಲಿ ಎರಡು ಸಲ ಡ್ರೈವರ್ ಸಮೇತ ದೊಡ್ಡ ಗಾಡಿ ಬಾಡಿಗೆಗೆ ತಂದು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದರೂ ಮಿಗುತ್ತೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಮನೆಯ ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿದೆ. ಬರೀ ಲೆಕ್ಕದ ಪುಸ್ತಕ ಹಿಡಿದರೆ ಕಾರು ಗೆಲ್ಲೋದೇ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಬಸ್ಸಿಲ್ಲವಲ್ಲ. ಆ ಒಂದು ಗಂಟೆಗೆ ಕೊಡುವ ಬೆಲೆಯನ್ನ ಪುಸ್ತಕದಲ್ಲಿ ಬರೆಯೋದು ಹೇಗೆ? ಯಜಮಾನರು ಅಲ್ಲಿಗೇ ಬಂದು ನಿಂತಿದ್ದಾರೆ, ಅವರ ಜಾಗದಲ್ಲಿ ಯಾರಿದ್ದರೂ ಅಷ್ಟೇ.

ಏಳು ಲಕ್ಷಕ್ಕೆ ದಾರಿ ಎರಡು. ಹೊಸ ಟ್ರೈಬರ್, ಇಲ್ಲಾ ಐದಾರು ವರ್ಷ ಓಡಿದ ಪೆಟ್ರೋಲ್ ಎರ್ಟಿಗಾ. ಮಕ್ಕಳು ಚಿಕ್ಕವರಿದ್ದು ಊರೊಳಗಿನ ಓಡಾಟವೇ ಜಾಸ್ತಿಯಿದ್ದರೆ ಮೊದಲನೆಯದು. ಈ ಮನೆಗೆ, ಬೆಳೆಯುವ ಮಗಳು ಮತ್ತು ಮೂಟೆ ಎರಡನ್ನೂ ನೋಡಿದರೆ, ಎರಡನೆಯದೇ ಸರಿ. ಹಳೇ ಇನ್ನೋವಾ ಇದೇ ದುಡ್ಡಿಗೆ ಸಿಗುತ್ತೆ ಅಂತ ಆಸೆ ತೋರಿಸುವವರಿದ್ದಾರೆ. ಹಳದಿ ಬೋರ್ಡಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಬಿಳಿ ಬೋರ್ಡಿಗೆ ತಿರುಗಿದ್ದಾ ಅಂತ ಆರ್‌ಸಿ ಚರಿತ್ರೆ ನೋಡದೆ ಮುಂದುವರಿಯಬೇಡಿ. ಎರ್ಟಿಗಾಕ್ಕೂ ಇದೇ ಮಾತು. 2023ರ ಏಪ್ರಿಲಿಗೆ ಮುಂಚಿನ ಗಾಡಿಯಾದರೆ ಈಗಿನ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಮೈಲೇಜು ಸ್ವಲ್ಪ ಇಳಿಯುತ್ತೆ, ಇಂಧನದ ರಬ್ಬರು ಕೊಳವೆಗಳನ್ನ ಮೆಕ್ಯಾನಿಕ್ಕಿಗೆ ತೋರಿಸಿ.

ನೀರು ಕುಡಿದ ಗಾಡಿ

ಸೆಕೆಂಡ್ ಹ್ಯಾಂಡ್ ತರುವ ಯಲಹಂಕದವರಿಗೆ ಒಂದು ವಿಶೇಷ ಎಚ್ಚರಿಕೆ. 2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ಇಲ್ಲೇ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಜನರನ್ನ ದೋಣಿಯಲ್ಲಿ ದಾಟಿಸಬೇಕಾಯ್ತು. ಅಂಥ ಮಳೆಗೆ ಊರಿನ ಎಷ್ಟೋ ಕಡೆ ಗಾಡಿಗಳು ಮುಳುಗುತ್ತವೆ. ಆಮೇಲೆ ತೊಳೆದು, ಪಾಲಿಶ್ ಹಾಕಿ, ಸೆಂಟು ಹೊಡೆದು ಮಾರಾಟಕ್ಕೆ ನಿಲ್ಲಿಸಿದರೆ ಗುರುತು ಹಿಡಿಯೋದು ಹೇಗೆ?

ಸೀಟ್ ಬೆಲ್ಟನ್ನ ಕೊನೆತನಕ ಎಳೆಯಿರಿ. ಮೇಲಿನ ಭಾಗ ಸ್ವಚ್ಛವಾಗಿದ್ದು ಒಳಗಿನದು ಮಣ್ಣುಬಣ್ಣಕ್ಕೆ ತಿರುಗಿದ್ದರೆ ಅನುಮಾನ ಪಡಿ. ಕಾಲ ಕೆಳಗಿನ ಕಾರ್ಪೆಟ್ ಎತ್ತಿ ಮೂಸಿ. ಸೀಟು ಜಾರುವ ಕಂಬಿಗೆ, ಸ್ಟೆಪ್ನಿ ಗುಂಡಿಯ ತಳಕ್ಕೆ ತುಕ್ಕು ಹಿಡಿದಿದೆಯೇ ನೋಡಿ. ಕಿಟಕಿ ಗಾಜು, ಲೈಟು, ಹಾರನ್ನು ಒಂದೊಂದಾಗಿ ಹಾಕಿ ಆರಿಸಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆ ಅಂತ ಕೇಳಿ. ಜೊತೆಗೆ ನಿಮ್ಮದೇ ಮೆಕ್ಯಾನಿಕ್ ಇರಲಿ, ಮಾರುವವರು ತೋರಿಸಿದವನಲ್ಲ. ಅವನಿಗೆ ಕೊಡುವ ಸಾವಿರ ರೂಪಾಯಿಗೆ ಚೌಕಾಸಿ ಬೇಡ.

ಹೊರರಾಜ್ಯದ ನಂಬರಿನ ಗಾಡಿ ಅಗ್ಗ ಕಂಡರೆ ನಮ್ಮ ತೆರಿಗೆ ಕಟ್ಟಿ ಕೆಎ 50 ಬೋರ್ಡು ಹಾಕಿಸುವ ಖರ್ಚನ್ನೂ ಕೂಡಿಸಿ ನೋಡಿ, ಅಗ್ಗ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತೆ.

ಕಾಗದ ಪತ್ರದಲ್ಲಿ ದಾಕ್ಷಿಣ್ಯ ಇಟ್ಟುಕೊಳ್ಳಬೇಡಿ. ಫಾರಂ 29, ಫಾರಂ 30 ಎರಡಕ್ಕೂ ಸಹಿ, ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಓಸಿ ಜೊತೆ ಫಾರಂ 35. ಇನ್ಶೂರೆನ್ಸನ್ನ ಹದಿನಾಲ್ಕು ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರುವವರಿಗೂ ಇದು ಅನ್ವಯ. ಮನೆಯ ಹಳೇ ಓಮ್ನಿಯನ್ನ ಯಾರೋ ಪರಿಚಯದವರಿಗೆ ಬಾಯಿಮಾತಿನಲ್ಲಿ ಕೊಟ್ಟು ಕೂತರೆ, ಅದು ಎಲ್ಲೋ ಯಾರಿಗೋ ಬಡಿದ ದಿನ ನೋಟೀಸು ಬರುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಷ್ಟೆಲ್ಲ ಆದ ಮೇಲೆ ಗಾಡಿ ನಿಲ್ಲಿಸುವುದೆಲ್ಲಿ? ಎರ್ಟಿಗಾ ಹದಿನಾಲ್ಕೂವರೆ ಅಡಿ ಉದ್ದ, ಟ್ರೈಬರ್ ಹದಿಮೂರು. ಅಗಲ ಎರಡೂ ಹತ್ತಿರ ಹತ್ತಿರ ಐದೂಮುಕ್ಕಾಲು ಅಡಿ, ಕನ್ನಡಿ ಬಿಟ್ಟು. ಮೂವತ್ತು ನಲವತ್ತರ ಸೈಟಿನಲ್ಲಿ ಮುಂದಿನ ಜಾಗಕ್ಕೆ ಮಳಿಗೆ ಕಟ್ಟಿ ಬಾಡಿಗೆಗೆ ಕೊಟ್ಟವರು ಟೇಪು ಹಿಡಿದೇ ಅಡ್ವಾನ್ಸು ಕೊಡಬೇಕು. ಪೋರ್ಟಿಕೋ ಇದ್ದವರು ನೆಲದ ಕೆಳಗೂ ನೋಡಬೇಕು, ಯಾಕಂದರೆ ನಮ್ಮ ಕಡೆ ಸಂಪು ಇರೋದೇ ಅಲ್ಲಿ. ಸ್ಕೂಟರಿಗೆ ಅಂತ ಹಾಕಿದ ತೆಳು ಸ್ಲ್ಯಾಬು, ತಗಡಿನ ಮುಚ್ಚಳ ಒಂದು ಟನ್ನಿಗೂ ಮೀರಿದ ಗಾಡಿಯನ್ನ ತಡೆಯೋದಿಲ್ಲ. ಗಾರೆಯವರನ್ನ ಕರೆಸಿ ಸ್ಲ್ಯಾಬು ಗಟ್ಟಿ ಮಾಡಿಸಿ. ಕ್ಯೂರಿಂಗಿಗೆ ಹತ್ತು ಹದಿನೈದು ದಿನ ನೀರು ಹಾಕಬೇಕು, ಆದ್ದರಿಂದ ಡೆಲಿವರಿಯ ದಿನ ಗೊತ್ತು ಮಾಡುವ ಮುಂಚೆಯೇ ಆ ಕೆಲಸ ಮುಗಿಸಿಕೊಳ್ಳಿ.