ಜೇಬು ನೋಡ್ಕೊಂಡು ಡಿಸ್ನಿಲ್ಯಾಂಡ್‌ಗೆ

ಮಕ್ಕಳಿಗೆ ಒಮ್ಮೆ ಡಿಸ್ನಿಲ್ಯಾಂಡ್ ತೋರಿಸ್ಬೇಕು ಅನ್ನೋ ಆಸೆ ಇದೆಯಾ? ಹಾಗಂತ ಲೋನ್ ಮಾಡಿ, ವರ್ಷವಿಡೀ ಇಎಂಐ ಕಟ್ಟೋದು ಬೇಡ. ಬೆಂಗಳೂರಿನಿಂದ ನೇರ ವಿಮಾನವಿರುವ ಹಾಂಗ್‌ಕಾಂಗ್‌ ಲೆಕ್ಕ ಹಾಕಿ ನೋಡಿ. ಅಲ್ಲಿನ ಪಾರ್ಕ್ ಚಿಕ್ಕದು, ಒಂದು ದಿನ ಸಾಕು. ಆದರೆ ಬುಕಿಂಗ್ ಮಾಡುವ ಮೊದಲು ಈ ನಾಲ್ಕು ವಿಷಯ ಗಮನಿಸಿ.

ಮೊದಲು ನೋಂದಣಿ: 14 ದಿನದವರೆಗಿನ ಪ್ರವಾಸಕ್ಕೆ ಭಾರತೀಯರಿಗೆ ವೀಸಾ ಬೇಡ. ಆದರೆ ಆನ್‌ಲೈನ್‌ನಲ್ಲಿ ಮುಂಗಡ ನೋಂದಣಿ ಕಡ್ಡಾಯ, ಅದೂ ಉಚಿತ. ಮಕ್ಕಳದ್ದೂ ಪ್ರತ್ಯೇಕವಾಗಿ ಮಾಡಬೇಕು. ತಿರಸ್ಕೃತವಾದರೆ ವೀಸಾಗೇ ಅರ್ಜಿ ಹಾಕಬೇಕಾಗುತ್ತೆ. ಹಾಗಾಗಿ ಇದು ಆದಮೇಲೇ ವಿಮಾನದ ಟಿಕೆಟ್.

ದಿನಾಂಕ: ಪಾರ್ಕ್ ಟಿಕೆಟ್ ದರ ದಿನಕ್ಕೊಂದು ಥರ. ದಸರಾ ರಜೆ ಅಂತ ಅಕ್ಟೋಬರ್ ಮೊದಲ ವಾರ ಹೊರಟರೆ ಚೀನಾದವರಿಗೂ ರಾಷ್ಟ್ರೀಯ ದಿನದ ರಜೆ, ಜನಜಾತ್ರೆ ಗ್ಯಾರಂಟಿ. ವಾರದ ನಡುವಿನ ದಿನ ಆರಿಸಿ.

ವಯಸ್ಸು, ಎತ್ತರ: 3 ವರ್ಷದೊಳಗಿನವರಿಗೆ ಪಾರ್ಕ್ ಪ್ರವೇಶ ಉಚಿತ. ವಿಮಾನದಲ್ಲಿ ಮಾತ್ರ 2 ತುಂಬಿದರೆ ಸೀಟು ಕೊಳ್ಳಲೇಬೇಕು. 'ಬಿಗ್ ಗ್ರಿಜ್ಲಿ ಮೌಂಟನ್' ರೈಡ್‌ಗೆ 112 ಸೆಂ.ಮೀ. ಎತ್ತರ ಇರಬೇಕು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆಯಿರಿ. ಸಾಲದಿದ್ದರೆ ಈಗಲೇ ಹೇಳಿ, ಅಲ್ಲಿ ಹೋಗಿ ಅಳೋದು ತಪ್ಪುತ್ತೆ.

ವಾಸ್ತವ್ಯ: ಪಾರ್ಕ್ ಒಳಗಿನ ಹೋಟೆಲ್ ದುಬಾರಿ. ವಿಮಾನ ನಿಲ್ದಾಣದ ಪಕ್ಕದ ತುಂಗ್ ಚುಂಗ್‌ನಲ್ಲಿ ಉಳಿದುಕೊಂಡರೆ, ಮುಂದಿನ ಸ್ಟೇಷನ್ ಸನ್ನಿ ಬೇನಲ್ಲಿ ಇಳಿದು ಡಿಸ್ನಿ ರೈಲು ಹತ್ತಬಹುದು. ಟ್ಯಾಕ್ಸಿ ಖರ್ಚೇ ಇಲ್ಲ.

ಇನ್ನೊಂದು ದಿನ ಉಳಿದರೆ ಸ್ಟಾರ್ ಫೆರಿ ಹತ್ತಿ. ಟಿಕೆಟ್ ಅಗ್ಗ, ಮಕ್ಕಳಿಗೆ ಅದೂ ಒಂದು ರೈಡೇ!